ತಲೆಯಲ್ಲಿರೋ ಕುರ್ಚಿಯನ್ನ ಮರಕ್ಕೆ ಇಳಿಸೋದು ಹೇಗೆ ಕಲಿತ್ರಿ? ಅನುಭವ ಇದ್ದವರು ಹೇಳಿ

ಹೊಸಗರಗಸ: ಸ್ಟೂಲು, ಕಪಾಟು ಮಟ್ಟಿಗೆ ಕೈ ಕುದುರಿದೆ. ಆದರೆ ಎಲ್ಲ ಬೇರೆಯವರ ನಕ್ಷೆ ನೋಡಿ ಮಾಡಿದ್ದು. ಈಗ ಓದಲು ಕೂರುವಂಥ ತಗ್ಗು ಕುರ್ಚಿಯೊಂದನ್ನು ಮೊದಲ ಗೆರೆಯಿಂದ ಪಾಲಿಶ್‌ವರೆಗೆ ನಾನೇ ಮಾಡಬೇಕು ಅಂತಿದೆ. ಸಿಗೋದು ಸಂಜೆ ಹೊತ್ತು ಮಾತ್ರ, ಜಾಗ ಬಾಲ್ಕನಿ, ಹಲಗೆ ಸಮ ಮಾಡೋ ಪ್ಲೇನರ್ ಮಷೀನ್ ಇಲ್ಲ. ಡಿಸೈನ್ ಕೋರ್ಸ್ ಸೇರಲಾ, ವರ್ಕ್‌ಶಾಪಿನಲ್ಲಿ ಕೈಕೆಳಗೆ ಕಲಿಯಲಾ, ಅಥವಾ ಸಾಫ್ಟ್‌ವೇರ್ ಹಿಡಿಯಲಾ?

ಫುಲ್‌ಸ್ಕೇಲ್: ಕೋರ್ಸ್ ಮಾಡಿ ಬಂದವನು ನಾನು. ಉಳಿತಾಯವೆಲ್ಲ ಫೀಸಿಗೆ ಹೋಯ್ತು, ಮೊದಲ ಅವಧಿಯಲ್ಲಿ ಒಂದು ತುಂಡು ಮರ ಮುಟ್ಟಲು ಬಿಡಲಿಲ್ಲ. ಚಿತ್ರ, ಬಣ್ಣ ಅಂಟಿಸೋ ಮೂಡ್‌ಬೋರ್ಡ್, ಪರಿಕಲ್ಪನೆ ಬಗ್ಗೆ ಪುಟಗಟ್ಟಲೆ ಬರಹ, ಮತ್ತೆ ಮೂಡ್‌ಬೋರ್ಡ್. ಹಾಗಂತ ಪೂರ್ತಿ ಬೈಯೋಕೂ ಮನಸ್ಸಿಲ್ಲ, ಯಾಕಂದ್ರೆ ಮಾಕಪ್, ಅಂದ್ರೆ ಪ್ರಯೋಗದ ಮಾದರಿ, ಮಾಡೋ ಚಟ ಹತ್ತಿದ್ದು ಅಲ್ಲೇ.

ನನ್ನ ಕುರ್ಚಿಯ 1:5 ಮಾದರಿ ಎಲ್ಲರಿಗೂ ಇಷ್ಟವಾಗಿತ್ತು. ಅದನ್ನೇ ಅಗ್ಗದ ಪೈನ್ ಪಟ್ಟಿ, ರಟ್ಟು, ಸ್ಕ್ರೂ ಹಾಕಿ ನಿಜ ಅಳತೆಯಲ್ಲಿ ನಿಲ್ಲಿಸಿ ಕೂತರೆ, ಮೇಲಿನ ಅಡ್ಡಪಟ್ಟಿ ನೇರ ಹೆಗಲ ಮೂಳೆಗೆ ಒತ್ತುತ್ತೆ. ಸೀಟಿಗೂ ಬೆನ್ನೊರಗಿಗೂ ನಡುವೆ ಇದ್ದದ್ದು 95 ಡಿಗ್ರಿ. 105ಕ್ಕೆ ತಂದೆ, ಬೆನ್ನು ಒಪ್ಪಿತು. ಈಗ ಒರಗಿದ ಕೂಡಲೇ ಕುರ್ಚಿ ಹಿಂದಕ್ಕೆ ಮಗುಚೋಕೆ ನೋಡುತ್ತೆ. ಹಿಂಗಾಲು ಹಿಂದಕ್ಕೆ ಚಾಚಿದೆ, ಪಕ್ಕದಿಂದ ಕಾಣೋ ಗೆರೆ ಕೆಟ್ಟಿತು. ಸೀಟಿನ ಮುಂದಿನ ಅಂಚು 430 ಮಿಮೀ ಇದ್ದದ್ದನ್ನ 400ಕ್ಕೆ ಇಳಿಸಿದೆ, ಚೆನ್ನಾಯ್ತು. ಆದರೆ ತಗ್ಗಾದ ಮೇಲೆ ಕಾಲು ಮುಂದೆ ಹೋಗುತ್ತಲ್ಲ, ಅದಕ್ಕೆ ಅಂತ ಸೀಟಿನ ಆಳ ಹೆಚ್ಚಿಸಿದ್ರೆ ಅಂಚು ಮಂಡಿ ಹಿಂದೆ ಕೊರೆಯುತ್ತೆ. ಒಂದನ್ನ ಸರಿ ಮಾಡಿದ್ರೆ ಇನ್ನೊಂದು ಹಾಳು. ಪೈನ್ ಪಟ್ಟಿಗಳಲ್ಲಿ ಸ್ಕ್ರೂ ತೂತು ಬೀಳದ ಜಾಗವೇ ಉಳಿಯಲಿಲ್ಲ.

ಇಷ್ಟೆಲ್ಲ ಆಗಿ ಒಳ್ಳೇ ಮರದಲ್ಲಿ ಮುಗಿಸಿ ಇಟ್ಟರೆ, ಮೌಲ್ಯಮಾಪನಕ್ಕೆ ಬಂದ ಮೇಷ್ಟ್ರು ಅದರಲ್ಲಿ ಕೂರಲೇ ಇಲ್ಲ. ಸುತ್ತ ಒಂದು ಸಲ ನಡೆದು ‘ಇದರಲ್ಲಿ ಕಥೆ ಕಾಣ್ತಿಲ್ಲ’ ಅಂದ್ರು. ಕುರ್ಚೀಲಿ ಕಥೆ!

ಉಜ್ಜುಗೊರಡು: ಕಥೆ ಹುಡುಕೋರ ಮುಂದೆ ದುಡ್ಡು ಸುರಿದ್ರೆ ಇನ್ನೇನಾಗುತ್ತೆ. ನಾನು ವರ್ಕ್‌ಶಾಪಿನಲ್ಲಿ ಹೊಟ್ಟು ಗುಡಿಸಿ, ಉಳಿ ಮಸೆದು ಕಲಿತೋನು. ಸಂಬಳ ಅಂತ ಹೇಳಿಕೊಳ್ಳೋಕೆ ನಾಚಿಕೆಯಾಗುವಷ್ಟು ಕೊಡ್ತಿದ್ರು. ಆದರೆ ಮರ ಅಂದ್ರೇನು ಅಂತ ಗೊತ್ತಾಯ್ತು. ಕುರ್ಚಿಗಳಿಗೆ ಹೆಸರಾದ ಹಾನ್ಸ್ ವೆಗ್ನರ್ ಮೊದಲು ಕಲಿತದ್ದೂ ಬಡಗಿ ಕೆಲಸವನ್ನೇ, ಆಮೇಲೆ ಡಿಸೈನು.

ಒಂದು ಊಟದ ಮೇಜು ಹೇಳ್ತೀನಿ. ಹಲಗೆ 900 ಮಿಮೀ ಅಗಲ, ತೇಗ. ಕೆಳಗಿನ ಚೌಕಟ್ಟಿಗೆ ಹಲಗೆಯನ್ನ ಮರದ ಬಟನ್ (ಸಣ್ಣ ಹಿಡಿತುಂಡು) ಹಾಕಿ ಹಿಡಿಸೋಣ, ಅದು ಅಗಲಕ್ಕೆ ಆಡೋಕೆ ಜಾಗ ಇರಲಿ ಅಂದೆ. ಯಜಮಾನರಿಗೆ ಅವಸರ, ಅಂಟು ಬಳಿದು ನಾಲ್ಕೂ ಕಡೆ ಸ್ಕ್ರೂ ಬಿಗಿಸಿಬಿಟ್ರು. ತೇಗ ಸೌಮ್ಯ ಮರ ನಿಜ. ಆದರೂ ಹಸಿಯಿಂದ ಪೂರ್ತಿ ಒಣಗುವಾಗ ತಿರುಳಿನಿಂದ ತೊಗಟೆ ಕಡೆಗೆ ಸುಮಾರು 2.5%, ಉಂಗುರದ ಗುಂಟ ಸುಮಾರು 5.8% ಕುಗ್ಗುತ್ತೆ. ಉದ್ದಕ್ಕೆ ಲೆಕ್ಕಕ್ಕೇ ಇಲ್ಲ. ಹಲಗೆ ಅಗಲಕ್ಕೆ ಕುಗ್ಗಬೇಕು, ಚೌಕಟ್ಟಿನ ಅಡ್ಡಪಟ್ಟಿ ಬಿಡಲ್ಲ. ಒಣ ಹವೆ ಶುರುವಾದ ಮೇಲೆ ಒಂದು ರಾತ್ರಿ ಪಟಾಕಿ ಥರ ಸದ್ದು, ನಟ್ಟನಡುವೆ ತುದಿಯಿಂದ ಮೊಳದುದ್ದ ಬಿರುಕು. ಸ್ಕ್ರೂ ಸಡಿಲಿಸಿದ್ರೂ ಬಿರುಕು ಮುಚ್ಚಿಕೊಳ್ಳಲಿಲ್ಲ, ಹಲಗೆ ಸೀಳಿ ಮತ್ತೆ ಅಂಟಿಸಿದ್ವಿ, ಅದರಲ್ಲಿ ಗರಗಸದ ಪಾಲಿಗೆ ಹೋದ ಅಗಲ ಮೇಜಿನ ಅಂದವನ್ನೇ ತಿಂತು. ಗಿರಾಕಿ ಬಾಕಿ ಹಣ ಕೊಡಲೇ ಇಲ್ಲ. ಬೈಗುಳ ಮಾತ್ರ ನನಗೆ ಬಂತು.

ಪರದೆ ಮೇಲೆ ಮರ ಬಿರಿಯಲ್ಲ. ಅದಕ್ಕೇ ಸಾಫ್ಟ್‌ವೇರ್‌ನವರಿಗೆ ಅಷ್ಟು ಧೈರ್ಯ.

ಮಿಲಿಮೀಟರ್: ಆ ಕೊನೆ ಸಾಲು ಯಾರಿಗೆ ಅಂತ ಗೊತ್ತು. ಪರದೆ ಮೇಲೆ ಮಾಡಿದ್ದಕ್ಕೇ ನನ್ನ ಪುಸ್ತಕದ ಕಪಾಟು ಪೂರ್ತಿ 2440×1220 ಪ್ಲೈ ಹಾಳೆಗಳಲ್ಲಿ ಚೂರೂ ಪೋಲಾಗದೆ ಕೂತಿತು, ಗರಗಸದ ಬಾಯಿಗೆ ಹೋಗೋ 3 ಮಿಮೀ ಕೂಡ ಲೆಕ್ಕ ಹಾಕಿ. ಫ್ಯೂಷನ್ 360 ಅನ್ನೋ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ದಪ್ಪವನ್ನ ಒಂದು ಬದಲಾಯಿಸಬಹುದಾದ ಅಂಕಿಯಾಗಿ ಇಟ್ಟಿದ್ದೆ. ಆದರೂ ಪ್ರಯೋಜನವಾಗಲಿಲ್ಲ. ಯಾಕಂದ್ರೆ ‘18 ಮಿಮೀ’ ಅಂತ ಬಂದ ಹಾಳೆಗೆ ಕ್ಯಾಲಿಪರ್ ಹಿಡಿದರೆ 17.4. ಒಂದು ಮೂಲೆಯಲ್ಲಿ 17.2. ಅಷ್ಟರಲ್ಲಿ ಪಕ್ಕದ ಹಲಗೆಗಳಿಗೆ 18ರ ಗಾಡಿ (ತಟ್ಟೆ ಕೂರಿಸೋ ತೋಡು) ಕೊರೆಸಿಯಾಗಿತ್ತು. ತಟ್ಟೆ ಸೇರಿಸಿದ್ರೆ ಲೊಡಲೊಡ. ವ್ಯಾಪಾರಿ ‘ಎಲ್ಲಾ ಕಡೆ ಹೀಗೇ’ ಅಂತ ಕೈಯಾಡಿಸಿದ. ಪ್ರತಿ ಗಾಡಿಗೂ ವೆನೀರ್ (ಮರದ ತೆಳು ಹಾಳೆ) ಚೂರು ಅಂಟಿಸಿ ತುಂಬಿದ್ದು ನಾನು, ಆ ಸಿಟ್ಟು ಇನ್ನೂ ಇಳಿದಿಲ್ಲ.

ಇನ್ನು ಬಾಗೋ ವಿಷಯ. ತಟ್ಟೆಯ ದಪ್ಪ ಎರಡು ಪಟ್ಟು ಮಾಡಿದ್ರೆ ಬಾಗು ಎಂಟನೇ ಒಂದು ಪಾಲಿಗೆ ಇಳಿಯುತ್ತೆ. ಉದ್ದ ಎರಡು ಪಟ್ಟಾದ್ರೆ ಬಾಗು 16 ಪಟ್ಟು. ಇದು ‘ಮರ ಅಂದ್ರೇನು’ ಅಂತ ಗೊತ್ತಿರೋರಿಗೂ ಉಳಿ ಮಸೆದು ಬರಲ್ಲ.

ಉಜ್ಜುಗೊರಡು: ಉದ್ದಕ್ಕೂ 8 ಪಟ್ಟೇ. 16 ಎಲ್ಲಿಂದ ತಂದ್ರಿ?

ಮಿಲಿಮೀಟರ್: ನಡುವೆ ಒಂದೇ ಒಂದು ಭಾರ ಇಟ್ಟರೆ 8. ಪುಸ್ತಕ ಜೋಡಿಸಿದಾಗ ತಟ್ಟೆ ಉದ್ದವಾದಷ್ಟೂ ಪುಸ್ತಕವೂ ಹೆಚ್ಚಾಗುತ್ತಲ್ಲ ಸ್ವಾಮಿ, ಆಗ 16. ಪುಸ್ತಕದ ಕಪಾಟಿನಲ್ಲಿ ಯಾರಾದ್ರೂ ಒಂದೇ ಪುಸ್ತಕ ಇಡ್ತಾರಾ?

ಹೊಸಗರಗಸ: ಎಲ್ಲರಿಗೂ ಧನ್ಯವಾದ. ಪ್ಲೇನರ್ ಇಲ್ಲದೆ ಕುರ್ಚಿ ಆಗುತ್ತಾ?

ಉಜ್ಜುಗೊರಡು: ಆಗುತ್ತೆ, ಉಜ್ಜುಗೊರಡು ಹಿಡಿದು ಕೈಯಲ್ಲಿ ಹೊಡೀರಿ. ಮೇಲಿನವರೇ, ನಾನು ಕಪಾಟಿನ ಬಗ್ಗೆ ಹೇಳಲಿಲ್ಲ, ಬೆಂಚಿನ ಬಗ್ಗೆ ಹೇಳಿದ್ದು.

ಮಿಲಿಮೀಟರ್: ಬೆಂಚಿನ ಮಾತು ಈ ಇಡೀ ಚರ್ಚೆಯಲ್ಲಿ ಎಲ್ಲೂ ಬಂದಿಲ್ಲ.

ಆವಿಪೆಟ್ಟಿಗೆ: ಯಾರೂ ಆವಿಯಲ್ಲಿ ಮರ ಬಾಗಿಸೋದರ ಬಗ್ಗೆ ಬರೀಲಿಲ್ಲ, ಕುರ್ಚಿ ಅಂದ್ರೆ ನನಗೆ ಅದೇ. ಮರ ಬಾಗಿಸಿ ಕುರ್ಚಿ ಮಾಡೋ ಥೋನೆಟ್ ಕಂಪನಿಯ 14ನೇ ನಂಬರ್ ಕುರ್ಚಿ, 1859ರದ್ದು: ಮರದ 6 ಭಾಗ, 10 ಸ್ಕ್ರೂ, 2 ನಟ್ಟು. ಬಿಚ್ಚಿದ 36 ಕುರ್ಚಿ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ ಹಿಡಿಯುತ್ತಿತ್ತು. ಅದನ್ನ ನೋಡಿಯೇ ಈ ಹುಚ್ಚು ಹತ್ತಿದ್ದು.

ನನಗೆ ಮಾರಿದ ಮರ ಭಟ್ಟಿಯಲ್ಲಿ ಒಣಗಿಸಿದ್ದು, ಗಾಳಿಯಲ್ಲಿ ಒಣಗಿದ್ದು ಅಂತ ಸುಳ್ಳು ಹೇಳಿದ್ರು. ಭಟ್ಟಿ ಮರ ಆವಿಗೆ ಅಷ್ಟು ಮಣಿಯಲ್ಲ. ಇಂಚು ದಪ್ಪಕ್ಕೆ ಗಂಟೆ ಲೆಕ್ಕದಲ್ಲಿ ಬೇಯಿಸಿ ಅಚ್ಚಿಗೆ ಎಳೆದರೆ, ಹೊರಮೈ ಎಳೆ ಎದ್ದು ಸೀಳುಸೀಳಾಗಿ ನಿಲ್ತಿತ್ತು. ಹೊರಮೈಗೆ ಉಕ್ಕಿನ ಪಟ್ಟಿ ಕಟ್ಟಿದ್ದೆ, ತುದಿ ತಡೆಯೂ ಇತ್ತು. ಆದರೂ! ಕಟ್ಟಿಗೆ ರಾಶಿ ಬೆಳೆದು ನಿಂತಿತು. ಮರ ಬದಲಾಯಿಸಿದ ಮೇಲೆ ಬಾಗಿತು, ಅಚ್ಚಿನಿಂದ ತೆಗೆದರೆ ಸ್ವಲ್ಪ ಹಿಂದಕ್ಕೆ ಬಿಚ್ಚಿಕೊಳ್ಳೋದು. ಅದಕ್ಕೇ ಅಚ್ಚನ್ನ ಬೇಕಾದ್ದಕ್ಕಿಂತ ಬಿಗಿ ವಕ್ರಕ್ಕೆ ಮಾಡಬೇಕು. ಈಗ ನನ್ನ ಕುರ್ಚಿಯ ಹಿಂಗಾಲು, ಬೆನ್ನು ಎರಡೂ ಒಂದೇ ಮರದ ಕೋಲು. ಜೋಡಣೆಯೇ ಇಲ್ಲ.

ಫುಲ್‌ಸ್ಕೇಲ್: ಥೋನೆಟ್ ಕಾರ್ಖಾನೆ ಕಥೆ. ಪೆಟ್ಟಿಗೆಯಲ್ಲಿ ಎಷ್ಟು ಹಿಡಿಯುತ್ತೆ ಅನ್ನೋದು ಸಾಗಣೆಯ ಚಿಂತೆ, ಒಂದೇ ಕುರ್ಚಿ ಮಾಡೋನಿಗೆ ಯಾಕೆ?

ಆವಿಪೆಟ್ಟಿಗೆ: ಕಥೆ ಕಾಣ್ತಿಲ್ಲ ಅಂತ ನಿಮ್ಮ ಮೇಷ್ಟ್ರು ಅಂದದ್ದು ಈಗ ಅರ್ಥ ಆಯ್ತು.

ಫುಲ್‌ಸ್ಕೇಲ್: ವೈಯಕ್ತಿಕ ಮಾಡಬೇಡಿ. ಸೀಳಿದ ಕಟ್ಟಿಗೆ ರಾಶಿ ನಿಮ್ಮದು, ನನ್ನದಲ್ಲ.

ಅಗಸೆಎಣ್ಣೆ: ಜಗಳ ಮುಗಿಸಿ. ಕೆಲಸ ಕೆಡೋದು ಕೊನೆಯಲ್ಲಿ. 80ರ ಮರಳು ಕಾಗದದ (ಅಂಕಿ ಹೆಚ್ಚಿದಷ್ಟೂ ನಯ) ಗೀರು ತೆಗೆಯದೆ ಸೀದಾ 220ಕ್ಕೆ ಹಾರಿದ ಕುರ್ಚಿಗಳು ನನ್ನ ಹತ್ತಿರ ರಿಪೇರಿಗೆ ಬರ್ತಾವೆ. ಎಣ್ಣೆ ಬಿದ್ದ ಕೂಡಲೇ ಗೀರೆಲ್ಲ ಎದ್ದು ಕಾಣುತ್ತೆ. 80, 120, 180, 220, ಅಷ್ಟೇ ದಾರಿ. ಪಾಲಿಯುರೆಥೇನ್ ಬಳಿಯೋರ ಬಗ್ಗೆ ಏನೂ ಹೇಳಲ್ಲ, ಪ್ಲಾಸ್ಟಿಕ್ ಹೊದಿಸೋದಾದ್ರೆ ಮರ ಯಾಕೆ.

ಮಿಲಿಮೀಟರ್: ಏನೂ ಹೇಳಲ್ಲ ಅಂತ ಹೇಳಿಯೇ ಬಿಟ್ರಿ. ನೀರಿನ ಲೋಟ ಇಟ್ಟಾಗ ಬಿಳಿ ಉಂಗುರ ಬೀಳದ್ದು ಯಾವ ಮೇಜಿನ ಮೇಲೆ, ನಿಮ್ಮದೋ ನನ್ನದೋ?

ಅಗಸೆಎಣ್ಣೆ: ನಿಮ್ಮದು ಗೀರು ಬಿದ್ದರೆ ಪೂರ್ತಿ ಕೆರೆದು ಮತ್ತೆ ಬಳೀಬೇಕು. ನನ್ನದು ಬಿದ್ದ ಜಾಗಕ್ಕೆ ಮಾತ್ರ ಎಣ್ಣೆ ಉಜ್ಜಿದ್ರೆ ಆಯ್ತು.

ಉಜ್ಜುಗೊರಡು: ಎಣ್ಣೆ ಹಚ್ಚಿದ ಬಟ್ಟೆ ಏನು ಮಾಡ್ತೀರಿ ಅಂತ ಅವರನ್ನ ಕೇಳಿ ಮೊದಲು. ಅಗಸೆ ಎಣ್ಣೆ ಹೀರಿದ ಬಟ್ಟೆ ಮುದ್ದೆ ಮಾಡಿ ಬಿಟ್ಟರೆ ತಾನಾಗೇ ಕಾದು ಹೊತ್ತಿಕೊಳ್ಳುತ್ತೆ. ನಮ್ಮ ವರ್ಕ್‌ಶಾಪಿನ ಕಸದ ಡಬ್ಬಿ ಹಾಗೇ ಹೊಗೆಯಾಡಿತ್ತು, ಪಕ್ಕದಲ್ಲೇ ಹೊಟ್ಟಿನ ಚೀಲ.

ಅಗಸೆಎಣ್ಣೆ: ಹೊರಗಡೆ ಒಂದೊಂದಾಗಿ ಬಿಡಿಸಿ ಹರಡ್ತೀನಿ, ಗಟ್ಟಿಯಾಗಿ ಒಣಗಿದ ಮೇಲೆ ಎಸೀತೀನಿ. ಇಲ್ಲಾಂದ್ರೆ ನೀರು ತುಂಬಿದ ಮುಚ್ಚಳದ ಡಬ್ಬಿ. ಇದು ಗೊತ್ತಿಲ್ಲದೋರು ಎಣ್ಣೆ ಮುಟ್ಟಬಾರದು, ವರ್ಕ್‌ಶಾಪ್ ಯಜಮಾನರೂ ಸೇರಿ.

ಉಜ್ಜುಗೊರಡು: ಆ ಯಜಮಾನರನ್ನ ಬೈಯೋ ಹಕ್ಕು ನನಗೆ ಮಾತ್ರ.