ವೈನಿ, ಅಣ್ಣನ ಚಹಾದಾಗ ಪುಡಿ ಹಾಕಬ್ಯಾಡ್ರಿ, ಗುಂಪಿಗೆ ಕರ್ಕೊಂಡ್ ಹೋಗೂಣು

ವೈನಿ, ರಾತ್ರಿ ನೀವು ಹಾಕಿದ ಮೆಸೇಜ್ ಈಗ ನೋಡ್ದೆ. ಧಾರವಾಡದ ಡಾಕ್ಟ್ರು ಅಣ್ಣಗ ಗ್ರೂಪ್ ಥೆರಪಿಗೆ ಕುಂದ್ರು ಅಂದ್ರಂತ, ಅಂವಾ ಮಂದಿ ಮುಂದ ನಾ ಕುಡಕ ಅಂತ ಹೇಳ್ಕೊಳ್ಳಾಕ ಬರಂಗಿಲ್ಲ ಅಂತ ಎದ್ದು ಬಂದ್ನಂತ. ಅದರ ಕೆಳಗ ಸಣ್ಣ ಕಾಕು ಕುಡ್ತ ಬಿಡಸೂ ಪುಡಿ ಚಹಾದಾಗ ಕದ್ದು ಕಲಸಿ ಕೊಡು ಅಂದಾರ. ಕಾಕು, ಸಿಟ್ಟಾಗಬ್ಯಾಡ್ರಿ, ಮೊದಲ ಅದನ್ನ ಹೇಳ್ತೀನಿ. ಅಂಥ ಪುಡ್ಯಾಗ ಡೈಸಲ್ಫಿರಾಮ್ ಅನ್ನೂ ಕುಡ್ತ ಬಿಡಸೂ ಔಷಧ ಇದ್ರ, ಅದರ ಮ್ಯಾಲ ಕುಡದ್ರ ಕುಡದದ್ದು ಮೈಯಾಗ ಪೂರ್ತಿ ಕರಗಂಗಿಲ್ಲ, ಅರ್ಧಕ್ಕ ನಿಂತು ವಿಷ ಆಗ್ತೈತಿ, ಮುಖ ಕೆಂಪಾಗಿ ವಾಂತಿ ಆಗಿ ಎದಿ ಹೊಡಕೊಂಡು ಬಿಪಿ ಇಳದು ಜೀವಕ್ಕೂ ಬರಬಹುದು. ಡಾಕ್ಟ್ರು ಕೊಡ್ತಾರ, ಖರೆ, ಆದ್ರ ಕುಡಿಯಾಂವಗ ಹೇಳಿ, ಅಂವಾ ಹೂಂ ಅಂದಮ್ಯಾಲ, ಪರೀಕ್ಷಾ ಮಾಡಿಸಿ ಕೊಡ್ತಾರ, ಕದ್ದು ಅಲ್ಲ.

ಇನ್ನೊಂದು, ಸಿಟ್ಟೀಲೆ ಬಾಟ್ಲಿ ಎಲ್ಲಾ ಒಡದು ಇವತ್ತಿಂದ ಬಂದ್ ಅಂತ ಮನ್ಯಾಗ ಕೂಡಿ ಹಾಕಬ್ಯಾಡ್ರಿ. ದಿನಾ ಕುಡಿಯಾಂವ ಒಮ್ಮಿಗೇ ಬಿಟ್ರ ಮೊದಲ ಎರಡು ದಿನದಾಗ ಫಿಟ್ಸ್ ಬರಬಹುದು, ಎರಡ್ನೇ ದಿನದಿಂದ ನಾಕನೇ ದಿನದೊಳಗ ಇಲ್ಲದ್ದೆಲ್ಲಾ ಕಾಣಸಬಹುದು. ನಾ ಕುಡ್ತ ಬಿಟ್ಟಾಗ ನನಗ ಗ್ವಾಡಿ ಮ್ಯಾಲ ಇರುವಿ ಸಾಲು ಕಂಡಿದ್ವು, ನಮ್ಮಕಿ ಹೆದರಿ ಅಳಾಕ ಹತ್ತಿದ್ಲು. ಅದಕ್ಕ ಮೊದಲ ಆಸ್ಪತ್ರಿ, ನಡುಕ ಇಳಸೂ ಔಷಧ, ವಿಟಮಿನ್ ಬಿ 1 ಇಂಜೆಕ್ಷನ್, ಗುಂಪು ಆಮ್ಯಾಲ.

ಈಗ ಗುಂಪಿನ ಮಾತು. ಅಣ್ಣ ಅನ್ಕೊಂಡಂಗ ಅದು ಪಂಚಾಯ್ತಿ ಅಲ್ರಿ. ನಾ 2019 ರಾಗ ಹೋದಾಗ ಎಂಟು ಮಂದಿ ಇದ್ವಿ, ಒಬ್ರು ಕೌನ್ಸೆಲರ್ ಮೇಡಂ, ಉಳದಾವ್ರು ಲಾರಿ ಡ್ರೈವರ್, ರಿಟೈರ್ ಆದ ಮಾಸ್ತರ್, ಎಪಿಎಂಸಿ ಹಮಾಲ, ಬೆಟಗೇರಿಯ ನೇಕಾರ ಒಬ್ಬ. ಇಲ್ಲಿ ಮಾತಾಡಿದ್ದು ಹೊರಗ ಹೋಗಂಗಿಲ್ಲ ಅಂತ ಮೊದಲ ದಿನಾನ ಎಲ್ಲಾರ ಕಡೆ ಹೂಂ ಅನಿಸ್ಕೊಂಡ್ರು. ಎರಡು ವಾರ ನಾ ಬಾಯೇ ಬಿಡ್ಲಿಲ್ಲ, ಯಾರೂ ಒತ್ತಾಯ ಮಾಡ್ಲಿಲ್ಲ. ಮೂರನೇ ವಾರ ಆ ಮಾಸ್ತರ್ ಹೇಳಾಕ ಹತ್ತಿದ್ರು, ನಾ ಪಗಾರ ಪೂರಾ ಮನಿಗೆ ಕೊಡ್ತಿದ್ದೆ ಮತ್ತ ನಾ ಹೆಂಗ ಕುಡಕ ಆಗ್ತೀನಿ ಅಂತ ಹತ್ತು ವರ್ಷ ಅಂದ್ಕೊಂಡೆ, ಅಂತ. ವೈನಿ, ಆ ಮಾತು ಅಕ್ಷರಾ ಅಕ್ಷರ ನಂದು. ನೀವೆಲ್ಲಾ ಹೇಳಿದಾಗ ನಾ ಜಗಳಕ್ಕ ನಿಂತಿದ್ದೆ, ಅವ್ರ ಬಾಯಾಗ ಕೇಳಿದಾಗ ಜಗಳಾಡಾಕ ಯಾರೂ ಇರ್ಲಿಲ್ಲ. ಅವತ್ತ ಬಾಯಿ ಬಿಟ್ಟೆ.

ಬರೇ ಅತ್ತು ಬರೂದಲ್ಲ ಅಲ್ಲೆ, ಕೆಲಸಾನೂ ಇರ್ತೈತಿ. ಗೆಳ್ಯಾ ಒಂದ ಪೆಗ್ ಅಷ್ಟ ಅಂದ್ರ ಹೆಂಗ ಒಲ್ಲೆ ಅನ್ನೂದು ಅಂತ ಒಬ್ಬರಿಗೊಬ್ರು ಎದುರಿಗೆ ನಿಂತು ಮಾಡಿ ತೋರಸ್ಬೇಕು, ಆ ಲಾರಿ ಡ್ರೈವರ್ ಎಷ್ಟು ಜೋರು ಮಾಡಿ ಗ್ಲಾಸ್ ಮುಂದ ಹಿಡೀತಿದ್ದ ಅಂದ್ರ ನನ್ನ ಕೈ ಖರೇನ ಮುಂದ ಹೋಗ್ತಿತ್ತು. ಸಂಜಿ ಆರರ ಹೊತ್ತು ನನಗ ಕಷ್ಟ ಅಂದೆ, ವೈನ್ ಶಾಪಿನ ರಸ್ತೆ ಬಿಟ್ಟು ಬ್ಯಾರೆ ರಸ್ತೆ ಹಿಡಿ, ಮನಿ ಮುಟ್ಟಿದ ಕೂಡಲೇ ಹೊಟ್ಟಿ ತುಂಬಾ ಉಣ್ಣು, ಹಸಿವಿ ಮ್ಯಾಲನ ಎಳಿತೈತಿ ಅಂತ ಹೇಳಿದಾಂವ ಹಮಾಲ, ಡಾಕ್ಟ್ರಲ್ಲ. ಏಳನೇ ತಿಂಗಳಿಗೆ ಹಾವೇರ್ಯಾಗ ಒಂದು ಮದ್ವ್ಯಾಗ ನಾ ಮತ್ತ ಕುಡದೆ, ನಿಮಗೆಲ್ಲಾ ಗೊತ್ತೈತಿ. ತಲಿ ತಗ್ಗಿಸಿ ಗುಂಪಿಗೆ ಹೋದೆ. ಒಬ್ರೂ ಬೈಲಿಲ್ಲ, ಮೇಡಂ ಬರೇ ಕೇಳಿದ್ರು, ಆ ಮದ್ವಿಗಿಂತ ಮೂರು ದಿನ ಮುಂಚೆ ಮನಸ್ಸಿನ್ಯಾಗ ಏನ್ ನಡದಿತ್ತು ಅಂತ. ಆಗ ಗೊತ್ತಾತು, ನಾ ಗ್ಲಾಸ್ ಹಿಡದದ್ದು ಮದ್ವಿ ದಿನ, ಕುಡ್ಯಾಕ ಠರಾಯಿಸಿದ್ದು ಹೋಗೂಕಿಂತ ಮೊದಲ.

ದೊಡ್ಡ ಕಾಕಾ ಕೇಳ್ಯಾರ, ಮಾತಾಡಿದ್ರ ಬಿಡ್ತದೇನೋ ಅಂತ. ಕಾಕಾ, ಇದಕ್ಕ ಪುರಾವೆ ಐತ್ರಿ. 1935 ರಾಗ ಅಮೇರಿಕಾದ ಆಕ್ರನ್ ಊರಾಗ ಕುಡ್ತಕ್ಕ ಬಿದ್ದ ಒಬ್ಬ ಶೇರು ದಲ್ಲಾಳಿ, ಒಬ್ಬ ಸರ್ಜನ್ ಇಬ್ರೂ ಒಬ್ಬರನ್ನೊಬ್ರು ಹಿಡಕೊಂಡು ಬಿಟ್ಟದ್ದರಿಂದನ ಆಲ್ಕೊಹಾಲಿಕ್ಸ್ ಅನಾನಿಮಸ್ ಅನ್ನೂ ಸಂಘ ಶುರು ಆಗಿದ್ದು, ಅಲ್ಲೆ ಕೌನ್ಸೆಲರೂ ಇರಂಗಿಲ್ಲ, ಫೀನೂ ಇಲ್ಲ, ಬಿಡಾಕ ಹೊಂಟಾವ್ರ ನಡಸ್ತಾರ. 2020 ರಾಗ 27 ಅಧ್ಯಯನ, ಹತ್ತು ಸಾವಿರಕ್ಕೂ ಹೆಚ್ಚು ಮಂದೀನ ಕೂಡಿಸಿ ನೋಡಿದ್ರು, ಆ ಸಂಘಕ್ಕ ಪದ್ಧತಿ ಪ್ರಕಾರ ಜೋಡಿಸೂ ಚಿಕಿತ್ಸಾ ಪಡದಾವ್ರಾಗ, ಬ್ಯಾರೆ ಚಿಕಿತ್ಸಾ ಪಡದಾವ್ರಿಗಿಂತ ಪೂರ್ತಿ ಬಿಟ್ಟಾವ್ರು ಹೆಚ್ಚು ಇದ್ರು. ಎಲ್ಲಾರೂ ಬಿಡ್ತಾರ ಅಂತ ನಾ ಹೇಳಂಗಿಲ್ಲ, ನಮ್ಮ ಎಂಟು ಮಂದ್ಯಾಗ ಇಬ್ರು ನಡುವ ಬಿಟ್ಟು ಹೋದ್ರು, ಅವ್ರ ನೆನಪು ಈಗೂ ಸಂಕಟ ಆಗ್ತೈತಿ.

ಮರ್ಯಾದಿ ಹೋಗ್ತೈತಿ ಅಂತಾನಲ್ಲ ಅಣ್ಣ, ಇಳಕಲ್ಲ ಮಹಾಂತ ಅಪ್ಪಗೋಳು 1975 ರಿಂದ ಊರೂರು ಜೋಳಿಗಿ ಹಿಡದು ನಿಮ್ಮ ಚಟಾ ನನಗ ಭಿಕ್ಷಾ ಹಾಕ್ರಿ ಅಂತ ಕೇಳಿದ್ರು. ನಮ್ಮ ಮುತ್ಯಾ ಇಡೀ ಓಣಿ ಮುಂದ ತಂಬಾಕದ ಚೀಲಾ ಆ ಜೋಳಿಗ್ಯಾಗ ಹಾಕಿದ್ದ. ಅವತ್ತಿಂದ ಓಣ್ಯಾಗ ಮುತ್ಯಾನ ಮಾತಿಗೆ ತೂಕ ಬಂತು. ಅಣ್ಣ ಅಂತೂ ಎಂಟ ಮಂದಿ ಮುಂದ, ಬಾಗ್ಲಾ ಹಾಕ್ಕೊಂಡು ಹೇಳ್ಬೇಕು.

ನೀವೂ ಒಬ್ಬಾಕೀನ ಹೊರಬ್ಯಾಡ್ರಿ ವೈನಿ, ರಾತ್ರಿ ಯಾವಾಗಾದ್ರೂ ಮನಸು ಕೆಟ್ರ ಟೆಲಿ ಮಾನಸ್ ಅನ್ನೂ ಸರ್ಕಾರದ ಸಹಾಯವಾಣಿ 14416 ಕ್ಕ ಫೋನ್ ಹಚ್ರಿ, ಕನ್ನಡದಾಗ ಮಾತಾಡ್ತಾರ. ನಾ ರವಿವಾರ ಹುಬ್ಬಳ್ಳಿಗೆ ಬರ್ತೀನಿ. ಅಣ್ಣಗ ನಾ ಬರೂದು ಮೊದಲ ಹೇಳಿ ಇಡ್ರಿ, ಕದ್ದು ಏನೂ ಬ್ಯಾಡ. ಸೋಮವಾರ ಇಬ್ರೂ ಕೂಡಿ ಧಾರವಾಡಕ್ಕ ಹೋಗ್ತೀವಿ, ಒಳಗ ಬ್ಯಾಡ ಅಂದ್ರ ಅಂವಾ ಬಾಗಲದಾಗ ಕುಂದ್ರಲಿ, ನಾನೂ ಅಲ್ಲೇ ಬಾಜೂಕ ಕುಂದಿರ್ತೀನಿ.