ತಂತಿ ಹೋಗೋಕೆ ಮುಂಚೆ ಹಡಗು ಹೋಗಬೇಕು

(ಕೂತವರು ನಾಲ್ವರು: ಹಳೇ ದಾಖಲೆಗಳ ಕಡತದಮ್ಮ, ಚುಕ್ಕಿ–ಗೆರೆಯ ಮೋರ್ಸ್ ಸಂಕೇತ ಬಲ್ಲ ತಂತಿರಾಯರು, ವಕೀಲರು, ಸಾಫ್ಟ್‌ವೇರು. ವಿಷಯ: ಬ್ರಿಟಿಷ್ ಸರ್ಕಾರ ತನ್ನ ಅಧಿಕಾರಿಗಳಿಗೆ ತಂತಿಯ ಕೋಡ್ ಬುಕ್ಕು, ಅಂದರೆ ಟೆಲಿಗ್ರಾಮಿನಲ್ಲಿ ಮಾತಿಗೆ ಬದಲಾಗಿ ಕಳಿಸುವ ಸಂಕೇತಗಳ ಪುಸ್ತಕ, ಹಂಚುತ್ತಿದ್ದ ಬಗೆ.)

ಸಾಫ್ಟ್‌ವೇರು: ಒಂದು ಪುಸ್ತಕ ಹಂಚೋದಕ್ಕೆ ಇಷ್ಟು ದಪ್ಪ ಕಡತವಾ? ಅಚ್ಚು ಹಾಕ್ಸಿ, ಗಂಟು ಕಟ್ಟಿ, ಟಪಾಲಿಗೆ ಹಾಕಿದ್ರೆ ಆಯ್ತಪ್ಪ.

ಕಡತದಮ್ಮ: ಅಲ್ಲಿಂದಲೇ ಕೆಲಸ ಶುರು. ಪರ್ಷಿಯನ್ ಕೊಲ್ಲಿ ದಂಡೆಯ ಬುಶೇರ್ ರೆಸಿಡೆನ್ಸಿನೇ ತಗೊಳ್ಳಿ. ಅಲ್ಲಿನ ಪೊಲಿಟಿಕಲ್ ರೆಸಿಡೆಂಟು, ಅಂದ್ರೆ ಬ್ರಿಟಿಷರ ಪ್ರತಿನಿಧಿ, ಮೊದಲು ಬೊಂಬಾಯಿ ಸರ್ಕಾರದ ಕೈಕೆಳಗಿದ್ದ, 1873ರಿಂದ ನೇರ ಭಾರತ ಸರ್ಕಾರದ ಕೈಕೆಳಗೆ ಬಂದ. ಆಮೇಲಾಮೇಲೆ ಮಸ್ಕತ್, ಬಹರೇನ್, ಕುವೈತಿನ ಏಜೆಂಟರು ಅವನ ಕೆಳಗೆ. 1930–40ರ ದಶಕದ ಅವರ ತಂತಿಗಳ ನೆತ್ತಿ ನೋಡಿ: ಒಂದರ ಮೇಲೆ 'ಕ್ಯೂ', ಇನ್ನೊಂದರ ಮೇಲೆ 'ಎಕ್ಸ್‌ಎಕ್ಸ್', ಮತ್ತೊಂದರ ಮೇಲೆ '27', 'ಇಂಟರ್', 'ಜಿ.ಟಿ.ಸಿ.' (ಗವರ್ನಮೆಂಟ್ ಟೆಲಿಗ್ರಾಫ್ ಕೋಡ್). ಯಾವ ಸಂಕೇತದಲ್ಲಿ ಬಂತು, ಬೀರುವಿನಿಂದ ಏನನ್ನ ಎಳೀಬೇಕು ಅನ್ನೋ ಗುರುತು ಅದು.

ವಕೀಲರು: ಅಷ್ಟೊಂದು ಯಾಕ್ರೀ? ಒಂದೇ ಪುಸ್ತಕ ಎಲ್ಲರಿಗೂ ಕೊಟ್ಟು ಕೈ ತೊಳ್ಕೊಬಹುದಿತ್ತು.

ತಂತಿರಾಯರು: ಎಲ್ಲರ ಹತ್ರ ಇರೋದು ಗುಟ್ಟು ಹೆಂಗಾಗತ್ತೆ ಸ್ವಾಮಿ? ಕೋಡಿಗೆ ಎರಡು ಕೆಲಸ. ಒಂದು ದುಡ್ಡು ಉಳಿಸೋದು, ಇನ್ನೊಂದು ಬಾಯಿ ಮುಚ್ಚಿಸೋದು. 1866ರಲ್ಲಿ ಲಂಡನ್ನಿಂದ ಭಾರತಕ್ಕೆ 20 ಪದದ ತಂತಿಗೆ 5 ಪೌಂಡ್. 1886ರ ಹೊತ್ತಿಗೂ ಪದಕ್ಕೆ 4 ಶಿಲಿಂಗ್. 'ತಮ್ಮ ಇಂಥಾ ತಾರೀಖಿನ ಪತ್ರ ತಲುಪಿತು, ಸರ್ಕಾರದ ಆದೇಶಕ್ಕೆ ಕಾಯುತ್ತಿದ್ದೇನೆ' ಅನ್ನೋ ಇಡೀ ವಾಕ್ಯಕ್ಕೆ ಒಂದೇ ಕೋಡ್ ಪದ ಇದ್ರೆ ಖಜಾನೆ ಉಸಿರಾಡತ್ತೆ. ದುಡ್ಡು ಉಳಿಸೋ ಪುಸ್ತಕ ಸಾಧ್ಯವಾದಷ್ಟು ಜನರ ಹತ್ರ ಇರಬೇಕು. ಗುಟ್ಟು ಕಾಯೋ ಪುಸ್ತಕ ಸಾಧ್ಯವಾದಷ್ಟು ಕಮ್ಮಿ ಜನರ ಹತ್ರ ಇರಬೇಕು. ಜಗಳ ಅಲ್ಲೇ.

ಸಾಫ್ಟ್‌ವೇರು: ಪದ ಅಂದ್ರೆ ಎಷ್ಟು ಉದ್ದ? ನಾನಾಗಿದ್ರೆ ಇಡೀ ತಂತಿನೇ ಒಂದು ಪದ ಅಂತ ಅಂಟಿಸಿ ಕಳಿಸ್ತಿದ್ದೆ.

ತಂತಿರಾಯರು: ನಿನಗಿಂತ ಮುಂಚೆ ವ್ಯಾಪಾರಿಗಳು ಆ ಯೋಚನೆ ಮಾಡಿಯಾಗಿತ್ತು. ಅದಕ್ಕೇ 1879ರ ಲಂಡನ್ನಿನ ಅಂತರರಾಷ್ಟ್ರೀಯ ತಂತಿ ಸಮ್ಮೇಳನ ಕಟ್ಟು ಹಾಕಿತು: ಕೋಡ್ ಪದಕ್ಕೆ 10 ಅಕ್ಷರದ ಮಿತಿ, ಅದೂ ಎಂಟು ಭಾಷೆಗಳ ನಿಜವಾದ ಪದವೇ ಆಗಬೇಕು. ಎಂಟರಲ್ಲಿ ಲ್ಯಾಟಿನ್ ಸೇರಿತ್ತು, ಕನ್ನಡ ಇರಲಿಲ್ಲ ಬಿಡು. 1903ರಲ್ಲಿ ಮತ್ತೆ ಲಂಡನ್ನಲ್ಲೇ ಸೇರಿ, ಬಾಯಲ್ಲಿ ಉಚ್ಚರಿಸೋಕೆ ಬರೋ ಹಾಗಿದ್ರೆ ಅರ್ಥ ಇಲ್ಲದ 10 ಅಕ್ಷರದ ಪದವೂ ನಡೀತದೆ ಅಂದ್ರು. ತಕ್ಷಣ ಜನ ಐದೈದು ಅಕ್ಷರದ ಎರಡು ಕೋಡು ಅಂಟಿಸಿ ಒಂದೇ ಪದದ ದುಡ್ಡು ಕಟ್ಟೋಕೆ ಶುರು ಮಾಡಿದ್ರು. ಹಳೇ ಪುಸ್ತಕಗಳೆಲ್ಲ ಒಂದೇ ಏಟಿಗೆ ದುಬಾರಿ ಆಗಿಬಿಟ್ವು.

ವಕೀಲರು: ಸರಿ, ಹೊಸ ಆವೃತ್ತಿ ಅಚ್ಚಾಯ್ತು ಅನ್ನಿ. ಆಮೇಲೆ?

ಕಡತದಮ್ಮ: ಮೊದಲು ಪಟ್ಟಿ. ಯಾವ ಹುದ್ದೆಗೆ ಎಷ್ಟು ಪ್ರತಿ ಅಂತ. ಹುದ್ದೆಗೆ ಅಂದೆ, ಮನುಷ್ಯನಿಗಲ್ಲ. ಸಾಹೇಬ ರಜೆ ಮೇಲೆ ಊರಿಗೆ ಹೋದ್ರೆ ಪುಸ್ತಕ ಅವನ ಪೆಟ್ಟಿಗೇಲಿ ಹೋಗಬಾರದು. ಪ್ರತಿಯೊಂದು ಪ್ರತಿಗೂ ನಂಬರು. ರಿಜಿಸ್ಟರಿನಲ್ಲಿ ನಂಬರಿನ ಎದುರು ಹುದ್ದೆ. ಲಕೋಟೆ ಎರಡು: ಒಳಗಿನದಕ್ಕೆ ಅರಗಿನ ಮುದ್ರೆ ಮತ್ತು 'ಗುಪ್ತ' ಅನ್ನೋ ಬರಹ, ಹೊರಗಿನದಕ್ಕೆ ಬರೀ ವಿಳಾಸ. ಒಳಗೆ ರಸೀದಿ ಚೀಟಿ. ತಗೊಂಡವನು ನಂಬರು ನೋಡಿ, ಸಹಿ ಹಾಕಿ ವಾಪಸು ಕಳಿಸಬೇಕು.

ವಕೀಲರು: ನಂಬರು ನೋಡದೇ ಸಹಿ ಹಾಕಿದ್ರೆ?

ಕಡತದಮ್ಮ: ಅಲ್ಲೇ ಇರೋದು ಪೀಡೆ. ಮಸ್ಕತ್ತಿನ ಲಕೋಟೆ ಬಹರೇನಿಗೆ, ಬಹರೇನಿಂದು ಮಸ್ಕತ್ತಿಗೆ ಹೋಯ್ತು ಅಂತಿಟ್ಕೊಳ್ಳಿ. ಇಬ್ಬರಿಗೂ ಪುಸ್ತಕ ಸಿಕ್ಕಿದೆ, ಇಬ್ಬರೂ ಖುಷಿ. ವರ್ಷಾಂತ್ಯದ ತಪಾಸಣೇಲಿ ಮಾತ್ರ ಲೆಕ್ಕದ ಪ್ರಕಾರ ಇಬ್ಬರೂ ಪುಸ್ತಕ ಕಳ್ಕೊಂಡೋರು. ಇನ್ನು ಮೂರು ತಿಂಗಳು ಪತ್ರ ವ್ಯವಹಾರ.

ಸಾಫ್ಟ್‌ವೇರು: ಅದನ್ನ ಒಂದು ತಂತಿ ಕೊಟ್ಟು ಸರಿ ಮಾಡ್ಕೋಬಹುದಲ್ಲ!

ತಂತಿರಾಯರು: 'ನಮ್ಮ ಗುಪ್ತ ಪುಸ್ತಕ ಅದಲುಬದಲಾಗಿದೆ' ಅಂತ ಬಿಡಿ ಭಾಷೇಲಿ, ಕೋಡೇ ಇಲ್ಲದೆ? ದಾರಿಯಲ್ಲಿರೋ ತಂತಿ ಗುಮಾಸ್ತರೆಲ್ಲ ಓದಿ ಸಂತೋಷಪಡ್ತಾರೆ. ಇನ್ನೊಂದು ವಿಷಯ, ಇಪ್ಪತ್ತನೇ ಶತಮಾನದ ಮೊದಮೊದಲು ಬಹರೇನಿಗೂ ಕುವೈತಿಗೂ ತಂತಿಯೇ ಇರಲಿಲ್ಲ. ಕೊಲ್ಲಿಯ ಕೇಬಲ್ಲು 1864ರಲ್ಲಿ ಗ್ವಾದರ್, ಮುಸಂದಮ್, ಬುಶೇರ್ ಹಿಡಿದು ಫಾವ್‌ವರೆಗೆ ಬಿತ್ತು. ಅರಬ್ಬರ ದಂಡೆಯ ಆ ಊರುಗಳನ್ನ ಮುಟ್ಟಲಿಲ್ಲ. ಅಲ್ಲಿನ ಏಜೆಂಟ ತನ್ನ ತುರ್ತು ಸುದ್ದಿನ ದೋಣಿಗೋ ಹಡಗಿಗೋ ಹಾಕಿ ಬುಶೇರಿಗೆ ಕಳಿಸಬೇಕು, ಅಲ್ಲಿಂದ ತಂತಿ.

ವಕೀಲರು: ತುರ್ತು ತಂತಿ ದೋಣಿ ಹತ್ತಿ ಹೋಗತ್ತೆ! ಭೇಷ್.

ಕಡತದಮ್ಮ: ಕೋಡ್ ಬುಕ್ಕೂ ಅದೇ ನೀರಿನ ಮೇಲೇ ಬರಬೇಕು. ಬ್ರಿಟಿಷ್ ಇಂಡಿಯಾ ಅನ್ನೋ ಹಡಗು ಕಂಪನಿಯ ಟಪಾಲು ಹಡಗು ಕರಾಚಿ ಬಿಟ್ಟು ಬಂದರು ಬಂದರಿಗೆ ನಿಂತು ಬಸ್ರಾ ಕಡೆ ಹೋಗೋದು. ಸಿಮ್ಲಾದಲ್ಲಿ ಕೂತ ಇಲಾಖೆ 'ಇಂಥಾ ತಾರೀಖಿನಿಂದ ಹೊಸ ಆವೃತ್ತಿ ಜಾರಿ' ಅಂತ ಬರೀಬೇಕಾದ್ರೆ ಕಟ್ಟಕಡೆಯ ಬಂದರಿನ ರಸೀದಿ ಕೈಸೇರಿರಬೇಕು. ಒಬ್ಬನ ರಸೀದಿ ಬರದಿದ್ರೂ ತಾರೀಖು ಮುಂದಕ್ಕೆ. ಸಾಮ್ರಾಜ್ಯದ ತಂತಿಯ ವೇಗ ಒಂದು ತಡವಾದ ಹಡಗಿನ ಕೈಲಿ.

ಸಾಫ್ಟ್‌ವೇರು: ತಾರೀಖು ಮುಂದಕ್ಕೆ ಹಾಕದೇ, ಸಿಕ್ಕಿದವರು ಬಳಸಿ, ಸಿಗದವರು ಹಳೇದೇ ಇಟ್ಕೊಳ್ಳಿ ಅಂದ್ರೆ?

ತಂತಿರಾಯರು: ಅದಕ್ಕಿಂತ ಕೆಟ್ಟದ್ದಿಲ್ಲ. ಒಂದೇ ಸುದ್ದಿ ಇಬ್ಬರಿಗೆ ಹೋಗಬೇಕು ಅಂದ್ಕೋ. ಒಬ್ಬನಿಗೆ ಹಳೇ ಕೋಡಲ್ಲಿ, ಇನ್ನೊಬ್ಬನಿಗೆ ಹೊಸ ಕೋಡಲ್ಲಿ ಅದೇ ಮಾತು ಕಳಿಸ್ತೀಯ. ಹಳೇದನ್ನ ಮುರಿದಿರೋ ಶತ್ರು ಎರಡನ್ನೂ ಪಕ್ಕಪಕ್ಕ ಇಟ್ಟು ಹೊಸದನ್ನ ಪುಕ್ಕಟೆ ಕಲೀತಾನೆ. ಇನ್ನೊಂದು ಅಪಾಯ: ಒಂದೇ ಐದಕ್ಷರದ ಗುಂಪು ಎರಡೂ ಪುಸ್ತಕದಲ್ಲಿ ಇದೆ, ಅರ್ಥ ಮಾತ್ರ ಬೇರೆ. ಅಸಂಬದ್ಧ ಬಂದ್ರೆ 'ಪುನಃ ಕಳಿಸಿ' ಅಂತ ಕೇಳಬಹುದು. ಸುಸಂಬದ್ಧವಾಗಿ ತಪ್ಪು ಬಂದ್ರೆ ಯಾರು ಕೇಳ್ತಾರೆ?

ವಕೀಲರು: ಸುಸಂಬದ್ಧ ತಪ್ಪಿಗೆ ನಮ್ಮಲ್ಲಿ ಒಂದು ಪ್ರಸಿದ್ಧ ಮೊಕದ್ದಮೆ ಇದೆ. ಸರ್ಕಾರದ್ದಲ್ಲ, ಅಮೆರಿಕದ ಉಣ್ಣೆ ವ್ಯಾಪಾರಿಯದು. ಪ್ರಿಮ್‌ರೋಸ್ ಅಂತ. ಅವನ ಕೋಡಿನಲ್ಲಿ 'ಬೇ' (bay) ಅಂದ್ರೆ 'ನಾನು ಕೊಂಡಿದ್ದೇನೆ'. ತಂತಿಯಲ್ಲಿ ಅದು 'ಬೈ' (buy, ಅಂದ್ರೆ ಕೊಳ್ಳು) ಆಗಿ ತಲುಪಿತು. ಏಜೆಂಟ ಧಣಿಯ ಅಪ್ಪಣೆ ಅಂತ ಉಣ್ಣೆ ಮೇಲೆ ಉಣ್ಣೆ ಕೊಂಡ. ನಷ್ಟ 20,000 ಡಾಲರಿಗೂ ಮೇಲೆ. 1894ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕೊಡಿಸಿದ್ದು ತಂತಿಗೆ ಅವನು ಕಟ್ಟಿದ್ದ 1 ಡಾಲರ್ 15 ಸೆಂಟ್ ಮಾತ್ರ. ತಂತಿನ ವಾಪಸು ಹೇಳಿಸಿ ತಾಳೆ ನೋಡೋ ಪುನರುಕ್ತಿಗೆ ಹೆಚ್ಚು ದುಡ್ಡು ಕಟ್ಟಿರಲಿಲ್ಲವಲ್ಲ!

ತಂತಿರಾಯರು: ಮೋರ್ಸಿನಲ್ಲಿ ಒಂದು ಚುಕ್ಕಿಯ ವ್ಯತ್ಯಾಸ ಅದು. 'ಎ' ಅಂದ್ರೆ ಚುಕ್ಕಿ–ಗೆರೆ, 'ಯು' ಅಂದ್ರೆ ಚುಕ್ಕಿ–ಚುಕ್ಕಿ–ಗೆರೆ. ಒಳ್ಳೇ ಕೋಡ್ ಮಾಡೋನು ಅದಕ್ಕೇ ಯಾವ ಎರಡು ಗುಂಪಿನ ನಡುವೆಯೂ ಕನಿಷ್ಠ ಎರಡು ಅಕ್ಷರದ ವ್ಯತ್ಯಾಸ ಇಡ್ತಾನೆ. ಒಂದಕ್ಷರ ಕೆಟ್ರೆ ಆ ಗುಂಪು ಪುಸ್ತಕದಲ್ಲೇ ಸಿಗಲ್ಲ, ತಪ್ಪು ತಾನಾಗೇ ಗೊತ್ತಾಗತ್ತೆ.

ಸಾಫ್ಟ್‌ವೇರು: ನಮ್ಮ ಕಂಪ್ಯೂಟರಿನಲ್ಲಿ ತಪ್ಪು ಹಿಡಿಯೋ 'ಪ್ಯಾರಿಟಿ ಬಿಟ್' ಇದ್ದ ಹಾಗೆ! ಸರಿ, ಗುಟ್ಟಿನ ತಂತಿಗೆ ಪುಸ್ತಕದ ಮೇಲೆ ಇನ್ನೊಂದು ಬೀಗ ಇರ್ತಿರಲಿಲ್ವಾ?

ತಂತಿರಾಯರು: ಇರ್ತಿತ್ತು. ಮಾತಿಗೆ ಅಕ್ಷರದ ಬದಲು ಅಂಕಿ ಕೊಡೋ ಪುಸ್ತಕ ಅನ್ನು. ಅದರಿಂದ ಬಂದ ಅಂಕಿಗಳಿಗೆ ಇನ್ನೊಂದು ಕೋಷ್ಟಕದ ಅಂಕಿ ಕೂಡಿಸೋದು, ಆದ್ರೆ ದಶಕ ಒಯ್ಯೋ ಹಾಗಿಲ್ಲ. 7ಕ್ಕೆ 5 ಸೇರಿದ್ರೆ 2, ಅಷ್ಟೇ. ಲೆಕ್ಕದಲ್ಲಿ ಗಟ್ಟಿಗನಾದ ಗುಮಾಸ್ತ ಅಭ್ಯಾಸಬಲದಿಂದ ಒಂದು ಕೈಲಿಟ್ಟುಕೊಂಡ ಅನ್ನು, ಎಡಗಡೆ ಅಂಕಿ ಕೆಟ್ಟು ಇನ್ನೊಂದೇ ಗುಂಪು ಹುಟ್ಟತ್ತೆ. ಈ ಕೆಲಸಕ್ಕೆ ಲೆಕ್ಕದಲ್ಲಿ ಸಾಧಾರಣದವನೇ ವಾಸಿ ಅನ್ನೋದು ನನ್ನ ಅಭಿಪ್ರಾಯ.

ಕಡತದಮ್ಮ: ಆ ಕೋಷ್ಟಕ, ಪುಸ್ತಕ ಎರಡನ್ನೂ ಒಂದೇ ಚೀಲದಲ್ಲಿ ಕಳಿಸಬಾರದು. ಕದ್ದವನಿಗೆ ಬೀಗದ ಜೊತೆ ಬೀಗದಕೈ ಕೊಟ್ಟ ಹಾಗೆ. ಅಂದ್ರೆ ಎರಡು ರವಾನೆ, ಎರಡು ರಸೀದಿ, ಎರಡು ಹಡಗಿಗೆ ಕಾಯೋದು. ಒಂದು ಬಂದು ಇನ್ನೊಂದು ಬರದಿದ್ರೆ ಸಾಹೇಬರ ತಿಜೋರಿಲಿ ಅರ್ಧ ಗುಟ್ಟು.

ವಕೀಲರು: ತಿದ್ದುಪಡಿ?

ಕಡತದಮ್ಮ: ಅಯ್ಯೋ, ತಿದ್ದುಪಡಿ ಚೀಟಿ! ಹೊಸ ಊರು, ಹೊಸ ಹುದ್ದೆ, ಹೊಸ ಶೇಖ್. ಅಚ್ಚಾದ ಸಣ್ಣ ಚೀಟಿಗಳು ಬರ್ತವೆ. ಕ್ರಮಸಂಖ್ಯೆ ನೋಡಿ, ಕತ್ತರಿಸಿ, ಸರಿಯಾದ ಸಾಲಿನ ಮೇಲೆ ಅಂಟಿಸಿ, ಮೊದಲ ಪುಟದ ಪಟ್ಟಿಯಲ್ಲಿ ಸಹಿ ಹಾಕಬೇಕು. 5ನೇ ಚೀಟಿ ದಾರೀಲಿ ಕಳೆದು 6 ಬಂದ್ರೆ, 6ನ್ನ ಅಂಟಿಸಿ ಸುಮ್ಮನಾಗೋರೇ ಜಾಸ್ತಿ. ಕೊಲ್ಲಿಯ ಸೆಕೆಗೆ ಅಂಟು ಇಳಿದು ಎರಡು ಪುಟ ಕಚ್ಚಿಕೊಂಡ್ರೆ ಅದರೊಳಗಿನ ಪದಗಳೆಲ್ಲ ಸಾಮ್ರಾಜ್ಯಕ್ಕೆ ದಕ್ಕಲ್ಲ.

ಸಾಫ್ಟ್‌ವೇರು: ಇಷ್ಟೆಲ್ಲ ಪತ್ತೇದಾರಿ ಮಾಡಿದ್ರೂ ಒಂದು ಪ್ರತಿ ಕಳೆದ್ರೆ?

ತಂತಿರಾಯರು: ನೂರು ಪ್ರತಿ ಇದ್ರೆ ನೂರೂ ಸತ್ತ ಹಾಗೆ. ಕಳೆದದ್ದು ಯಾರ ಕೈ ಸೇರಿತು ಅಂತ ಗೊತ್ತಾಗಲ್ವಲ್ಲ. 1914ರ ಆಗಸ್ಟ್‌ನಲ್ಲಿ ಜರ್ಮನರ ಮ್ಯಾಗ್ಡೆಬರ್ಗ್ ಯುದ್ಧನೌಕೆ ಬಾಲ್ಟಿಕ್‌ನಲ್ಲಿ ನೆಲ ಹತ್ತಿತು. ರಷ್ಯನ್ನರಿಗೆ ಸಿಕ್ಕ ನೌಕಾ ಕೋಡ್ ಬುಕ್ಕುಗಳಲ್ಲಿ 151ನೇ ನಂಬರಿನದು ಲಂಡನ್ ಸೇರಿತು. ನಂಬರು ಇತ್ತು, ರಿಜಿಸ್ಟರೂ ಇದ್ದಿರಬೇಕು. ಜರ್ಮನರು ಪುಸ್ತಕ ಮಾತ್ರ ಬೇಗ ಬದಲಾಯಿಸಲಿಲ್ಲ. ಎಲ್ಲ ಹಡಗಿಗೂ ಹೊಸದು ಹಂಚೋ ತಲೆನೋವಿಗಿಂತ 'ಏನೂ ಆಗಿರಲಿಕ್ಕಿಲ್ಲ' ಅನ್ನೋದು ಹಿತ.

ಕಡತದಮ್ಮ: ನಮ್ಮ ಬುಶೇರಿಗೂ ಅಂಥ ಕಥೆ ಇದೆ. ಅಲ್ಲಿ ಜರ್ಮನ್ ಕಾನ್ಸಲ್ ಆಗಿದ್ದ ವಾಸ್‌ಮುಸ್ 1915ರಲ್ಲಿ ತಪ್ಪಿಸಿಕೊಂಡಾಗ ಬಿಟ್ಟುಹೋದ ಸಾಮಾನಿನಲ್ಲಿ ಕೋಡ್ ಬುಕ್ಕು ಸಿಕ್ಕಿತು, ಅದು ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ ಬಿದ್ದಿತ್ತು ಅಂತ. ಬ್ರಿಟಿಷ್ ನೌಕಾ ಗುಪ್ತಚರ ವಿಭಾಗದ ಅಡ್ಮಿರಲ್ ಹಾಲ್ ಹೇಳಿದ್ದು. ಇತಿಹಾಸಕಾರರು ಪೂರ್ತಿ ನಂಬಲ್ಲ.

ವಕೀಲರು: ರಸೀದಿ ಇಲ್ಲದ ಮಾತು. ನಾನೂ ನಂಬಲ್ಲ. ಆಮೇಲೆ, ಬಿಡಿಸಿದ ತಂತಿನ ಕಡತಕ್ಕೆ ಹಾಗೇ ಸೇರಿಸ್ತಿದ್ರಾ?

ಕಡತದಮ್ಮ: ಗುಪ್ತ ತಂತಿಯನ್ನ ಹೊರಗೆ ಕೊಡಬೇಕಾದ್ರೆ ಮಾತು ತಿರುಗಿಸಿ ಬರೀಬೇಕು. ಅದೇ ಪದ, ಅದೇ ಕ್ರಮ ಇದ್ರೆ ಪೇಪರಿನಲ್ಲಿ ಬಂದ ಮಾತನ್ನೂ ತಂತಿ ಕಚೇರೀಲಿ ಕದ್ದ ಕೋಡನ್ನೂ ಹೊಂದಿಸಿ ಪುಸ್ತಕ ಕಟ್ಟಿಬಿಡ್ತಾರೆ. ಅರ್ಧ ಕೋಡು, ಅರ್ಧ ಬಿಡಿ ಭಾಷೆ ಕಲಸೋದೂ ನಿಷಿದ್ಧ. ಸುತ್ತಲಿನ ಮಾತೇ ನಡುವಿನ ಗುಟ್ಟನ್ನ ಹೇಳತ್ತೆ.

ಸಾಫ್ಟ್‌ವೇರು: ನಮ್ಮ ಬೆಂಗಳೂರಿಗೂ ಪುಸ್ತಕ ಬರ್ತಿತ್ತಾ?

ಕಡತದಮ್ಮ: ಇಲ್ಲಿನ ಪಟ್ಟಿ ಮಾಡೋನ ಪಾಡು ಕೇಳಬೇಡ. ಧಾರವಾಡ, ಬೆಳಗಾವಿ ಬೊಂಬಾಯಿ ಸರ್ಕಾರಕ್ಕೆ. ಬಳ್ಳಾರಿ, ಮಂಗಳೂರು ಮದ್ರಾಸಿಗೆ. ಮೈಸೂರು ಸಂಸ್ಥಾನ, ಅದಕ್ಕೊಬ್ಬ ರೆಸಿಡೆಂಟು ಬೆಂಗಳೂರಲ್ಲಿ. ಆ ರೆಸಿಡೆಂಟೇ 1881ರಿಂದ 1940ರವರೆಗೆ ಕೊಡಗಿನ ಚೀಫ್ ಕಮಿಷನರೂ ಹೌದು. ಪ್ರತಿ ಹುದ್ದೆಗೆ ಅಂತ ನಿಯಮ ಇಟ್ರೆ ಆ ಒಬ್ಬ ಮನುಷ್ಯನಿಗೆ ಎಷ್ಟು ಪುಸ್ತಕ?

ವಕೀಲರು: ಕಾನೂನಿನ ಪ್ರಕಾರ ಎರಡು. ಎರಡು ಟೋಪಿ, ಎರಡು ರಸೀದಿ.

ತಂತಿರಾಯರು: ತಿಜೋರಿ ಪ್ರಕಾರ ಒಂದು. ಹೆಚ್ಚಿನ ಪ್ರತಿ ಅಂದ್ರೆ ಕಳೆಯೋಕೆ ಹೆಚ್ಚಿನ ದಾರಿ.

ಸಾಫ್ಟ್‌ವೇರು: ಹಳೇ ಪುಸ್ತಕ ಏನ್ಮಾಡ್ತಿದ್ರು?

ಕಡತದಮ್ಮ: ಒಂದೋ ವಾಪಸು, ಇಲ್ಲಾ ಅಲ್ಲೇ ಸುಡೋದು. ದಪ್ಪ ಪುಸ್ತಕ ಇಡಿಯಾಗಿ ಬೆಂಕಿಗೆ ಹಾಕಿದ್ರೆ ಅಂಚು ಕರಕಲಾಗಿ ನಡುಭಾಗ ಓದೋ ಹಾಗೇ ಉಳೀತದೆ, ಗಾಳಿ ಆಡಲ್ಲವಲ್ಲ. ರಟ್ಟು ಕಿತ್ತು, ಹಾಳೆ ಬಿಡಿಸಿ, ನಾಲ್ಕು ನಾಲ್ಕೇ ಹಾಕಿ, ಬೂದಿ ಕದಡಬೇಕು. ಆಮೇಲೆ ನಂಬರು ಬರೆದು ಪ್ರಮಾಣಪತ್ರ: ಸುಟ್ಟವನ ಸಹಿ, ನೋಡಿದವನ ಸಹಿ.

ವಕೀಲರು: ಒಂದು ಅನುಮಾನ. ಮೈಸೂರು ರೆಸಿಡೆಂಟು ಸುಟ್ಟಿದ್ದಕ್ಕೆ ಕೊಡಗಿನ ಚೀಫ್ ಕಮಿಷನರು ಸಾಕ್ಷಿ ಹಾಕಬಹುದಾ?