ಏಳು ದಿನ ಡಬ್ಬು ಮಲಗಬೇಕಂತೆ, ಮನೆಯವಳನ್ನು ಹೇಗೆ ನೋಡಿಕೊಳ್ಳಲಿ?

ರಸಮಟ್ಟ, ಕಲಬುರಗಿ:

ಎಲ್ಲರಿಗೂ ನಮಸ್ಕಾರ. ಹೋಳಿ ಹುಣ್ಣಿಮೆಯ ಹಿಂದಿನ ದಿನ ಹೈದರಾಬಾದಿನಲ್ಲಿ ನನ್ನ ಹೆಂಡತಿಗೆ ಬಲಗಣ್ಣಿನ ಆಪರೇಷನ್ ಆಯಿತು. ರೆಟಿನಾ, ಅಂದರೆ ಕಣ್ಣಿನ ಒಳಗಿನ ಪರದೆ, ಕಿತ್ತುಕೊಂಡಿತ್ತು. ಒಳಗೆ ಗ್ಯಾಸ್ ಹಾಕಿದ್ದಾರೆ. ಏಳು ದಿನ ಮುಖ ಕೆಳಗೆ ಮಾಡಿಕೊಂಡೇ ಇರಬೇಕು, ಗಂಟೆಗೆ ಹತ್ತು ನಿಮಿಷ ಮಾತ್ರ ಬಿಡುವು ಅಂದಿದ್ದಾರೆ. ನೀವು ಬೋರಲು ಅನ್ನಬಹುದು, ನಮ್ಮ ಕಡೆ ಡಬ್ಬು ಅಂತೀವಿ. ಇವತ್ತಿಗೆ ನಾಲ್ಕನೇ ದಿನ.

ನಾನು ಮನೆ ಕಟ್ಟಿಸೋ ಗುತ್ತಿಗೆದಾರ. ಗ್ಯಾಸ್ ಯಾಕೆ ಅಂತ ಡಾಕ್ಟರು ಹೇಳಿದಾಗ ನನಗೆ ತಕ್ಷಣ ತಲೆಗೆ ಹೋಯಿತು. ಗೋಡೆ, ನೆಲದ ಮಟ್ಟ ನೋಡೋ ರಸಮಟ್ಟದ ಗುಳ್ಳೆ ಯಾವಾಗಲೂ ಮೇಲಕ್ಕೇ ಓಡುತ್ತದೆ, ಅಲ್ವಾ? ಕಣ್ಣಿನ ಪರದೆ ಇರೋದು ಹಿಂಭಾಗದಲ್ಲಿ. ಮುಖ ಕೆಳಗೆ ಮಾಡಿದರೆ ಆ ಹಿಂಭಾಗವೇ ಮೇಲಾಗುತ್ತದೆ. ಗುಳ್ಳೆ ಅಲ್ಲಿಗೆ ಹೋಗಿ ಪರದೆಯನ್ನು ಒತ್ತಿ ಹಿಡಿಯುತ್ತದೆ. ಸ್ಲ್ಯಾಬ್ ಗಟ್ಟಿಯಾಗೋ ತನಕ ಸೆಂಟ್ರಿಂಗ್ ಬಿಚ್ಚಬಾರದು, ಇದೂ ಹಾಗೇ.

ಅರ್ಥ ಆಗೋದು ಸುಲಭ. ಮಲಗಿದವರ ಕಷ್ಟ ಬೇರೆ. ಜಹೀರಾಬಾದ್, ಹುಮನಾಬಾದ್ ದಾಟಿ ಮನೆ ಸೇರೋವರೆಗೆ ಅವಳು ನೋಡಿದ್ದು ಕಾರಿನ ಮ್ಯಾಟ್ ಒಂದೇ. ಈಗ ಕುತ್ತಿಗೆ ಸೆಟೆದುಕೊಂಡಿದೆ. ರಾತ್ರಿ ನಿದ್ದೆಯಲ್ಲಿ ಮಗ್ಗಲು ಬದಲಿಸಿದರೆ ಅಂತ ನಾನು ಕುರ್ಚಿ ಹಾಕಿಕೊಂಡು ಕಾಯ್ತೀನಿ. ಎರಡೆರಡು ಸಲ ತೂಕಡಿಸಿ ಬಿದ್ದೆ. ಅಡುಗೆ ನನ್ನದೇ. ಮಲಗಿದಲ್ಲಿಂದಲೇ ಘಾಟು ಹಿಡಿದು ‘ಒಗ್ಗರಣಿ ಹೊತ್ತಿತ್ರೀ’ ಅಂತ ಕೂಗ್ತಾಳೆ. ರೊಟ್ಟಿ ಬಡಿಯೋಕೆ ನನಗೆ ಬರಲ್ಲ, ಓಣಿಯಲ್ಲಿ ಒಬ್ಬರ ಹತ್ತಿರ ತರ್ತೀನಿ.

ನಿನ್ನೆ ಒಂದು ತಪ್ಪು ಮಾಡಿದೆ. ಮೂರು ಬಗೆಯ ಡ್ರಾಪ್ಸ್ ಇವೆ, ಮೂರೂ ಬಿಳಿ ಸೀಸೆ. ದಿನಕ್ಕೆ ಎರಡು ಸಲ ಹಾಕಬೇಕಾದ್ದನ್ನು ಆರು ಸಲದ್ದು ಅಂದುಕೊಂಡು ಮಧ್ಯಾಹ್ನದ ತನಕ ಹಾಕಿಬಿಟ್ಟೆ. ಫೋನ್ ಮಾಡಿ ಕೇಳಿದೆ, ಗಾಬರಿ ಬೇಡ ಅಂದರು. ಅವಳಿಗೆ ಇನ್ನೂ ಹೇಳಿಲ್ಲ.

ನಾಡಿದ್ದು ಶರಣಬಸವೇಶ್ವರ ಜಾತ್ರೆ. ಅಫಜಲಪುರದಿಂದ ನೆಂಟರು ಬರ್ತಾರೆ, ಎಲ್ಲರಿಗೂ ಕಣ್ಣು ನೋಡಬೇಕು. ನಮ್ಮ ದೊಡ್ಡವ್ವ ಔಡಲ ಎಣ್ಣೆ ತರ್ತೀನಿ ಅಂದಿದ್ದಾಳೆ. ಬೆಂಗಳೂರಿನಲ್ಲಿರೋ ಮಗ ‘ಜಾತ್ರೆ ಗದ್ದಲ ಬ್ಯಾಡ, ಏಳು ದಿನ ಮುಗಿದ ಕೂಡಲೇ ಅವ್ವನ್ನ ವಿಮಾನದಾಗ ಕರ್ಕೊಂಡ್ ಬರ್ರಿ’ ಅಂತಾನೆ.

ಇದಕ್ಕೆಲ್ಲಾ ಮೊದಲು ಎಂಟು ದಿನ ‘ಕಣ್ಣ ಮುಂದ ನುಸಿ ಹಾರ್ಯಾಡ್ತಾವ, ಮಿಂಚು ಹೊಡದಂಗ ಆಗ್ತದ’ ಅಂತ ಹೇಳ್ತಾನೇ ಇದ್ದಳು. ಬಿಸಿಲಿಗೆ ಹಂಗಾಗ್ತದ ಅಂದವನು ನಾನು. ಒಂದು ಬದಿಯಿಂದ ಕಪ್ಪು ಪರದೆ ಬಿದ್ದಂತಾದ ಮೇಲೇ ಹೊರಟಿದ್ದು. ಅವಳು ಒಂದು ಮಾತೂ ಅಂದಿಲ್ಲ. ಅದೇ ಕಷ್ಟ ಆಗ್ತಿದೆ.

ಹೀಗೆ ಡಬ್ಬು ಮಲಗಿಸೋದನ್ನು ಮನೆಯಲ್ಲಿ ಮಾಡಿಸಿದವರು ಯಾರಾದರೂ ಇದ್ದೀರಾ?

ಬಿದ್ರಿ ಹೂಜಿ, ಬೀದರ್:

ಅಣ್ಣಾ, ನಮ್ಮ ಮನೆಯವರಿಗೆ ರೆಟಿನಾದ ನಟ್ಟನಡುವೆ ತೂತಾಗಿತ್ತು. ಐದು ದಿನ ಇದೇ ಶಿಕ್ಷೆ.

ದಿಂಬಿನ ಮೇಲೆ ಮುಖ ಇಟ್ಟರೆ ಉಸಿರು ಕಟ್ಟುತ್ತೆ, ಕಣ್ಣಿಗೂ ಒತ್ತಡ ಬೀಳುತ್ತೆ. ಕೊಡ ಹೊರುವಾಗ ತಲೆ ಮೇಲೆ ಸಿಂಬಿ ಇಡ್ತೀವಲ್ಲ, ಅದನ್ನೇ ದೊಡ್ಡದಾಗಿ ಮಾಡಿ. ನಾನು ಎರಡು ಹಳೇ ಕಾಟನ್ ಸೀರೆ ಒಗೆದು ಒಣಗಿಸಿ, ಹುರಿ ಹೊಸೆದು ಸುತ್ತಿದೆ. ಹಣೆ ಮತ್ತು ಗಲ್ಲ ಮಾತ್ರ ತಾಗಬೇಕು, ಕಣ್ಣು ಖಾಲಿ ಜಾಗದಲ್ಲಿರಬೇಕು. ಹಗಲು ಮಲಗಿಸಲೇಬೇಕು ಅಂತಿಲ್ಲ. ಕುರ್ಚಿಯಲ್ಲಿ ಕೂತು ಟೇಬಲ್ ಮೇಲೆ ಸಿಂಬಿ ಇಟ್ಟು ಹಣೆ ಊರಿದರೂ ಆಯಿತು. ನೆಲ ನೋಡುತ್ತಾ ಓಡಾಡಿದರೂ ಲೆಕ್ಕಕ್ಕೆ ಬರುತ್ತೆ. ತಟ್ಟೆ ಮಡಿಲಲ್ಲಿ ಇಟ್ಟರೆ ತಲೆ ತಾನೇ ಬಗ್ಗಿರುತ್ತೆ. ನೀರು, ಚಹಾಕ್ಕೆ ಸ್ಟ್ರಾ. ಇವರು ಬಸಿಯಲ್ಲಿ ಚಹಾ ಕುಡಿಯೋರು, ಸ್ಟ್ರಾ ಕಂಡು ಎರಡು ದಿನ ಮುನಿಸಿಕೊಂಡಿದ್ದರು.

ಟಿವಿ ನೋಡೋಕೆ ನೆಲದ ಮೇಲೆ ಕನ್ನಡಿ ಓರೆಯಾಗಿ ಇಡಿ. ನಮಗೆ ಅದು ಚೆನ್ನಾಗಿ ನಡೀತು.

ಶಹಾಪುರದ ಮುದುಕ:

ನೆಂಟರನ್ನು ತಡೆಯೋಕಾಗಲ್ಲ ಬಿಡಿ. ಕೆಲಸ ಹಚ್ಚಿ. ನನ್ನಾಕಿಗೆ ಮೋತಿಬಿಂದು, ಅದೇ ಕಣ್ಣಿನ ಪೊರೆ, ತೆಗೆಸಿದಾಗ ಬಂದವರಿಗೆಲ್ಲಾ ‘ರೊಟ್ಟಿ ತರ್ರಿ, ಶೇಂಗಾ ಹಿಂಡಿ ತರ್ರಿ’ ಅಂದೆ. ಅರ್ಧ ಜನ ಬರಲೇ ಇಲ್ಲ. ಉಳಿದವರ ರೊಟ್ಟಿ ವಾರ ಆಯಿತು.

ತಪ್ಪು ಡ್ರಾಪ್ಸ್ ವಿಷಯ ಅವರಿಗೆ ಹೇಳಿಬಿಡಿ. ಮುಖ ಕೆಳಗೆ ಇರುವಾಗಲೇ ಹೇಳಿ, ಸಿಟ್ಟು ಬಂದರೂ ತಲೆ ಎತ್ತಂಗಿಲ್ಲ.

ಯಾದಗಿರಿ ಸಿಸ್ಟರ್:

ಕಣ್ಣಿನ ಆಪರೇಷನ್ ಥಿಯೇಟರಿನಲ್ಲಿ ಹದಿನಾಲ್ಕು ವರ್ಷದಿಂದ ಇದ್ದೀನಿ. ಮೊದಲು ವಿಮಾನದ ಮಾತು. ಬೇಡವೇ ಬೇಡ. ಏಳು ದಿನ ಮುಗಿದರೆ ಡಬ್ಬು ಮಲಗೋದು ಮುಗೀತು, ಗ್ಯಾಸ್ ಮುಗಿಯಲ್ಲ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗಿ ಒಳಗಿನ ಗುಳ್ಳೆ ಹಿಗ್ಗುತ್ತೆ. ಕಣ್ಣಿನ ಒತ್ತಡ ಏರಿ ದೃಷ್ಟಿಯೇ ಹೋಗಬಹುದು. ಎಸ್‌ಎಫ್6 ಗ್ಯಾಸ್ ಆದರೆ ಎರಡು ಮೂರು ವಾರ, ಸಿ3ಎಫ್8 ಆದರೆ ಆರರಿಂದ ಎಂಟು ವಾರ ಇರುತ್ತೆ. ನಿಮ್ಮದು ಯಾವುದು ಅಂತ ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರ್ತಾರೆ, ನೋಡಿ. ಬೆಂಗಳೂರು ಕಲಬುರಗಿಗಿಂತ ಸುಮಾರು 450 ಮೀಟರ್ ಎತ್ತರದಲ್ಲಿದೆ, ರೈಲಿನಲ್ಲಿ ಹೋಗೋದಾದರೂ ಆಪರೇಷನ್ ಮಾಡಿದ ಡಾಕ್ಟರನ್ನೇ ಕೇಳಿ. ಅಷ್ಟರಲ್ಲಿ ಹಲ್ಲಿಗೋ ಮತ್ತೊಂದಕ್ಕೋ ಅರಿವಳಿಕೆ ಕೊಡುವ ಪ್ರಸಂಗ ಬಂದರೆ ಕಣ್ಣಲ್ಲಿ ಗ್ಯಾಸ್ ಇದೆ ಅಂತ ಮೊದಲೇ ಹೇಳಬೇಕು. ನೈಟ್ರಸ್ ಆಕ್ಸೈಡ್ ಅನ್ನೋ ಅರಿವಳಿಕೆ ಗ್ಯಾಸ್ ಕೊಡಬಾರದು. ಕಣ್ಣಲ್ಲಿ ಗ್ಯಾಸ್ ಇದೆ ಅಂತ ಬರೆದ ಪಟ್ಟಿ ಕೈಗೆ ಕಟ್ಟಿದ್ದರೆ ಬಿಚ್ಚಬೇಡಿ.

ಡ್ರಾಪ್ಸ್ ಸೀಸೆಗೆ ರಬ್ಬರ್ ಬ್ಯಾಂಡ್ ಹಾಕಿ. ದಿನಕ್ಕೆ ಎರಡು ಸಲದ್ದಕ್ಕೆ ಎರಡು, ಆರು ಸಲದ್ದಕ್ಕೆ ಆರು. ಕತ್ತಲಲ್ಲೂ ಬೆರಳಿಗೆ ಗೊತ್ತಾಗುತ್ತೆ. ಸೋಪಿನಲ್ಲಿ ಕೈ ತೊಳೆದು, ಕೆಳರೆಪ್ಪೆ ಎಳೆದು, ಒಂದೇ ಹನಿ. ಸೀಸೆಯ ತುದಿ ಎಲ್ಲೂ ತಾಗಬಾರದು. ಮುಂದಿನದಕ್ಕೆ ಐದು ನಿಮಿಷ ಬಿಡಿ, ಇಲ್ಲದಿದ್ದರೆ ಎರಡನೇದು ಮೊದಲನೇದನ್ನು ತೊಳೆದುಬಿಡುತ್ತೆ. ಆ ಹತ್ತು ನಿಮಿಷದ ಬಿಡುವಿನಲ್ಲೇ ಹಾಕಿ, ಅಂಗಾತ ಮಲಗಿಸಬೇಡಿ. ಸ್ಟೀರಾಯ್ಡ್ ಹನಿಯನ್ನು ಕೆಂಪು ಹೋಯಿತು ಅಂತ ನೀವೇ ನಿಲ್ಲಿಸಬೇಡಿ, ಹಂತ ಹಂತವಾಗಿ ಇಳಿಸ್ತಾರೆ.

ಔಡಲ ಎಣ್ಣೆ, ಜೇನು, ನಂದಿಬಟ್ಟಲ ರಸ ಯಾವುದೂ ಹತ್ತಿರ ಸುಳಿಯಬಾರದು. ದೊಡ್ಡವ್ವನ ಎಣ್ಣೆಯನ್ನು ನಿಮ್ಮ ಕುತ್ತಿಗೆಗೆ ಹಚ್ಚಿಸಿಕೊಳ್ಳಿ.

ಜೋರು ನೋವು, ವಾಂತಿ, ಕೆಂಪು ಹೆಚ್ಚಾಗೋದು, ಕೀವು, ಮತ್ತೆ ಪರದೆ ಬಿದ್ದಂತಾಗೋದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಗ್ಯಾಸ್ ಇರೋ ತನಕ ಮಂಜು ಮಂಜಾಗಿಯೇ ಕಾಣುತ್ತೆ, ಅದಕ್ಕೆ ಹೆದರಬೇಡಿ. ಅದು ಕರಗುತ್ತಾ ಬಂದಂತೆ ಮೇಲ್ಭಾಗ ತಿಳಿಯಾಗಿ, ನೀರಿನ ಮಟ್ಟದಂಥ ಗೆರೆ ದಿನಾ ಕೆಳಗಿಳಿಯುತ್ತೆ.

ದಪ್ಪ ಕನ್ನಡಕದವರಾ? ಹಾಗಿದ್ದರೆ ಇನ್ನೊಂದು ಕಣ್ಣಿಗೂ ಇದೇ ಭಯ ಜಾಸ್ತಿ, ಎಡಗಣ್ಣನ್ನೂ ಹನಿ ಹಾಕಿಸಿ ಪೂರ್ತಿ ನೋಡಿಸಿ.

ರಸಮಟ್ಟ, ಕಲಬುರಗಿ:

ಜಾತ್ರೆ ಮುಗೀತು. ಎಲ್ಲರಿಗೂ ಶರಣು.

ಹೌದು ಸಿಸ್ಟರ್, ಕನ್ನಡಕದ ನಂಬರ್ ಮೈನಸ್ ಒಂಬತ್ತು. ಸೋಮವಾರ ಎಡಗಣ್ಣೂ ತೋರಿಸ್ತೀನಿ. ಚೀಟಿಯಲ್ಲಿ ಸಿ3ಎಫ್8 ಅಂತಿದೆ. ಮಗನಿಗೆ ಫೋಟೋ ಕಳಿಸಿದೆ. ಅವನೇ ರಜೆ ಹಾಕಿ ರೈಲಿಗೆ ಬರ್ತಿದ್ದಾನೆ.

ಬೀದರ್ ಅಕ್ಕಾ, ಸಿಂಬಿ ಗೆದ್ದಿತು, ಕನ್ನಡಿ ಸೋತಿತು. ಕನ್ನಡಕ ಇಲ್ಲದೆ ಅವಳಿಗೆ ಒಂದು ಗೇಣಿನ ಆಚೆ ಏನೂ ಕಾಣಲ್ಲ, ಟಿವಿ ಎಲ್ಲಿ ಬಂತು. ಆಕಾಶವಾಣಿ ಹಚ್ಚಿ ಇಟ್ಟಿದ್ದೀನಿ. ನಮ್ಮ ಬಡಿಗ ಒಂದು ಪ್ಲೈವುಡ್ ಹಲಗೆಗೆ ಮುಖದಷ್ಟು ತೂತು ಕೊರೆದು, ಅಂಚು ಉಜ್ಜಿ ಕೊಟ್ಟ. ಎರಡು ಸ್ಟೂಲ್ ಮೇಲೆ ಅದನ್ನಿಟ್ಟು ಮಂಚಕ್ಕೆ ಜೋಡಿಸಿ, ತೂತಿನ ಸುತ್ತ ಸಿಂಬಿ ಇಟ್ಟೆವು. ಕುತ್ತಿಗೆ ನೋವು ಅರ್ಧಕ್ಕೆ ಇಳಿದಿದೆ.

ತೇರಿನ ಸಂಜೆ ನೆಂಟರೆಲ್ಲಾ ಗುಡಿಗೆ ಹೋದರು. ಮನೆಯಲ್ಲಿ ನಾವಿಬ್ಬರೇ. ನಾನು ಹಲಗೆಯ ಕೆಳಗೆ, ಶಹಾಬಾದ್ ಫರಸಿ ಮೇಲೆ ಅಂಗಾತ ಮಲಗಿದೆ. ತಲೆಗೆ ಎರಡು ದಿಂಬು ಕೊಟ್ಟುಕೊಂಡ ಮೇಲೆ ನನ್ನ ಮುಖ ಅವಳ ಗೇಣಿನೊಳಗೆ ಬಂತು. ಡ್ರಾಪ್ಸ್ ತಪ್ಪಿದ್ದು ಹೇಳಿದೆ. ನುಸಿ ಹಾರುವಾಗ ಬಿಸಿಲು ಅಂದಿದ್ದೂ ನನ್ನ ತಪ್ಪೇ ಅಂದೆ. ಅವಳು ಎಷ್ಟೋ ಹೊತ್ತು ಒಂದೇ ಕಣ್ಣಲ್ಲಿ ನೋಡಿದಳು. ಆಮೇಲೆ, ‘ಮೂಗಿನ್ಯಾಗಿನ ಕೂದಲ ಕತ್ತರಿಸ್ಕೋರಿ, ನಾಕ್ ದಿನದಿಂದ ಅದೇ ಕಾಣಾಕತ್ತದ’ ಅಂದಳು.